ಅರ್ಧಕ್ಕೆ ನಿಂತ ಡ್ರೈವರ್

ಕಂಪ್ಯೂಟರ್ ಒಯ್ಯಲು ಫಯಾಝ್ ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಗಂಡ ತೀರಿಕೊಂಡವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ ಇನ್ನೂ ಮುಗಿದಿರಲಿಲ್ಲ. ಗಂಡನ ತಮ್ಮನಾದರೂ ಅವನ ಎದುರು ಬರುವಂತಿಲ್ಲ. ಅವನು ಜಗಲಿಯಲ್ಲಿ, ನಾನು ಒಳಗೆ, ಹೊಸ್ತಿಲಲ್ಲಿ ಅತ್ತೆ ಐಸಮ್ಮ.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನದ್ದು ಕಂಪ್ಯೂಟರ್ ರಿಪೇರಿ ಅಂಗಡಿ. ಅಣ್ಣ ಹಾಕಿದ ಲಿನಕ್ಸನ್ನು ತೆಗೆದು ವಿಂಡೋಸ್ ಹಾಕಿದರೆ ಅರ್ಧ ಗಂಟೆಯ ಕೆಲಸ ಎಂದ.

“ದುಡ್ಡು ಕೊಟ್ಟದ್ದಾ?” ಎಂದು ಕೇಳಿದೆ.

“ದುಡ್ಡು ಕೊಟ್ಟು ಯಾರು ಹಾಕ್ತಾರೆ ಅತ್ತಿಗೆ? ಕ್ರ್ಯಾಕ್ ಉಂಟು.”

ನನ್ನ ಗಂಡ ಮುಝಮ್ಮಿಲ್ ಮತ್ತು ಅವನ ನಡುವೆ ಇದೇ ಜಗಳ ಇದ್ದದ್ದು. ಕದ್ದ ಸಾಫ್ಟ್‌ವೇರಿನಲ್ಲಿ ದುಡಿದದ್ದು ಹಲಾಲ್ ಅಲ್ಲ ಎಂದು ಮುಝಮ್ಮಿಲ್ ಹೇಳುತ್ತಿದ್ದರು. ಕೊಂಡುಕೊಳ್ಳಲು ನಮ್ಮಿಂದ ಆಗುತ್ತಿರಲಿಲ್ಲ. ಹಾಗಾಗಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿನಕ್ಸ್ ನಮ್ಮ ಮನೆಗೆ ಬಂತು. ಹಾಗಾದರೆ ಇಡೀ ಮೂಡುಬಿದಿರೆಯಿಂದ ಸ್ವರ್ಗಕ್ಕೆ ಹೋಗುವವನು ನೀನೊಬ್ಬನೇ, ನಮಗೂ ಸ್ವಲ್ಪ ಜಾಗ ಹಿಡಿದಿಡು ಎಂದು ಫಯಾಝ್ ಅಣಕಿಸುತ್ತಿದ್ದ. ಈಗ ಅವನು ಅದನ್ನು ಹೇಳಲಿಲ್ಲ.

ನಮ್ಮದು ಮನೆಗಳ ಚಿತ್ರ ಮಾಡಿಕೊಡುವ ಕೆಲಸ. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರ. ಮೂಡುಬಿದಿರೆಯಲ್ಲಿ ಆರ್ಕಿಟೆಕ್ಚರ್ ಓದಿದ ನಾನು ವಿನ್ಯಾಸ ಮಾಡುತ್ತಿದ್ದೆ, ಯಂತ್ರ ನೋಡಿಕೊಳ್ಳುವುದು ಮುಝಮ್ಮಿಲ್ ಅವರ ಕೆಲಸ. ಹಳೆಯ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಗಿ ಹೊಸದು ಬಂದಿತ್ತು. ಕಾರ್ಡನ್ನು ಕೂರಿಸಿದ್ದರು. ಅದನ್ನು ದುಡಿಸುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ಭಾನುವಾರ ಹಾಕುತ್ತೇನೆ ಎಂದಿದ್ದರು. ಶನಿವಾರ ಸೈಟ್ ನೋಡಲು ಬೆಳ್ತಂಗಡಿಗೆ ಹೋದವರು ತಿರುಗಿ ಬರಲಿಲ್ಲ.

ಡ್ರೈವರ್ ಇಲ್ಲದೆ ಒಂದು ಚಿತ್ರಕ್ಕೆ ಇಡೀ ದಿನ ಬೇಕು. ಕನ್ಯಾನದ ಅಬ್ದುಲ್ ಸಲಾಂ ಸೌದಿಯ ದಮ್ಮಾಮಿಗೆ ವಿಮಾನ ಹತ್ತುವ ಮೊದಲು ತಮ್ಮ ಮನೆಯ ಚಿತ್ರಗಳು ಬೇಕು ಎಂದಿದ್ದರು. ಆಗದಿದ್ದರೆ ಮಂಗಳೂರಿನವರಿಗೆ ಕೊಡುತ್ತೇನೆ, ಬೇಸರ ಮಾಡಬೇಡಿ ಎಂದೂ ಹೇಳಿದ್ದರು. ಮುಝಮ್ಮಿಲ್ ಹೋದ ಮೇಲೆ ನನ್ನ ಕೈಯಲ್ಲಿ ಉಳಿದಿದ್ದ ಕೆಲಸ ಅದೊಂದೇ.

ಡ್ರೈವರನ್ನು ನಾನೇ ಹಾಕಲಿಕ್ಕಾಗುತ್ತದಾ ಎಂದು ನಾಳೆಯವರೆಗೆ ನೋಡುತ್ತೇನೆ ಎಂದೆ. ನೋಡಿ, ಆದರೆ ನಾಳೆ ಸಂಜೆಯ ಅಸರ್ ನಮಾಝ್ ಕಳೆದ ಮೇಲೆ ಆಟೋ ತರುತ್ತೇನೆ ಎಂದು ಫಯಾಝ್ ಹೋದ.

ಮರುದಿನ ಬೆಳಗ್ಗೆ ಕುಳಿತೆ. ಮೊಬೈಲಿನಲ್ಲಿ ಓದುವುದು, ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಟೈಪ್ ಮಾಡುವುದು. ನಮ್ಮ ಕಾರ್ಡಿಗೆ ಯಾವ ಡ್ರೈವರ್ ಸೂಕ್ತ ಎಂದು ಯಂತ್ರವನ್ನೇ ಕೇಳಬಹುದು, ಅದು ಹೇಳುತ್ತದೆ. ಅದು ನನಗೆ ಗೊತ್ತಿರಲಿಲ್ಲ. ನಮ್ಮ ಊರು ವಾಮದಪದವಿನ ನೆಟ್‌ವರ್ಕಿನಲ್ಲಿ ಡ್ರೈವರ್ ಇಳಿಯುವಷ್ಟರಲ್ಲಿ ಮಧ್ಯಾಹ್ನದ ಗಂಜಿಯೂ ಆಯಿತು. ಕೊನೆಗೆ ಇನ್‌ಸ್ಟಾಲ್ ಶುರುವಾಯಿತು. ಸಾಲುಗಳು ಒಂದರ ಮೇಲೊಂದು ಓಡುತ್ತಿದ್ದವು.

ಆಗ ಗುಡುಗಿತು. ಪರದೆ ಆರಿಹೋಯಿತು.

ತಿರುಗಿ ನೋಡಿದರೆ ಅತ್ತೆಯ ಕೈಯಲ್ಲಿ ಪ್ಲಗ್ ಇತ್ತು. ಸಿಡಿಲಿಗೆ ಹೆದರಿ ಮೊದಲ ಗುಡುಗಿಗೇ ಟಿವಿ, ಫ್ರಿಜ್ ಎಲ್ಲದರ ಪ್ಲಗ್ ಎಳೆಯುವುದು ನಮ್ಮ ಕಡೆಯ ಅಭ್ಯಾಸ. ನಾನಾಗಿದ್ದರೂ ಟಿವಿಯದ್ದನ್ನು ಎಳೆಯುತ್ತಿದ್ದೆ.

ಗುಡುಗು ದೂರವಾದ ಮೇಲೆ ಮತ್ತೆ ಚಾಲೂ ಮಾಡಿದೆ. ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಒಂದು ಗೆರೆ. ಬೇರೇನೂ ಇಲ್ಲ.

“ಹಾಳಾಯಿತಾ?” ಅತ್ತೆ ಕೇಳಿದರು.

“ಇಲ್ಲ ಮಾಮಿ. ಅರ್ಧಕ್ಕೆ ನಿಂತಿದೆ.”

“ನಾನು ತೆಗೆದದ್ದಕ್ಕಾ?”

ಹೌದು ಎಂದೆ. ಅವರು ಪ್ಲಗ್ಗಿನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಿನ್ನ ಕೆಲಸ ಮುಗಿಯುವವರೆಗೆ ನಾನೇ ಇಲ್ಲಿ ಕಾವಲು ಎಂದರು.

ಚಿತ್ರದ ಪರದೆ ಬಾರದಿದ್ದರೂ ಅಕ್ಷರದ ಪರದೆ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಒತ್ತಿದೆ. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಒಳಗೆ ಹೋದೆ. ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿ ಮಾಡು ಎನ್ನುವುದಕ್ಕೇ ಒಂದು ಆಜ್ಞೆ ಉಂಟು. ಮೊದಲ ಸಲ ಆಜ್ಞೆಯಲ್ಲಿ ಒಂದು ಅಡ್ಡಗೆರೆ ತಪ್ಪಿ ಬೈಗುಳದ ಹಾಗೆ ಏನೋ ಬಂತು. ಎರಡನೆಯ ಸಲ ಸಾಲುಗಳು ನಿಂತಲ್ಲಿಂದ ಮತ್ತೆ ಹೊರಟವು. ನಡುವೆ ಒಂದು ಹೊಸ ಪಾಸ್‌ವರ್ಡ್ ಇಡಲು ಹೇಳಿತು, ಇಟ್ಟೆ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿದೆ.

ಇಡೀ ಪರದೆ ನೀಲಿಯಾಯಿತು. ಅತ್ತೆಯ ಕೈ ಪ್ಲಗ್ಗಿನತ್ತ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಈ ಡ್ರೈವರನ್ನು ಒಳಗೆ ಬಿಡಲು ಯಂತ್ರದ ಮಾಲೀಕರ ಒಪ್ಪಿಗೆ ಉಂಟೇ ಎಂದು ಅದು ಕೇಳುತ್ತಿತ್ತು, ಅಷ್ಟೆ. ಸುಮ್ಮನಿದ್ದರೆ ಕೆಲವೇ ಕ್ಷಣಗಳಲ್ಲಿ ಆ ಪ್ರಶ್ನೆ ಹೊರಟುಹೋಗುತ್ತದೆ, ಡ್ರೈವರ್ ಹೊರಗೇ ಉಳಿಯುತ್ತದೆ. ಇನ್ನೊಂದು ಕೈಯಲ್ಲಿ, ಆಗಷ್ಟೇ ಇಟ್ಟ ಹೊಸ ಪಾಸ್‌ವರ್ಡ್ ಕೊಟ್ಟೆ.

ಡೆಸ್ಕ್‌ಟಾಪ್ ಬಂತು. ಕನ್ಯಾನದ ಮನೆಯ ವಿನ್ಯಾಸವನ್ನು ತೆರೆದು ಚಿತ್ರ ಮಾಡಲು ಹಾಕಿದೆ. ಚೌಕ ಚೌಕವಾಗಿ ಕೆಂಪುಕಲ್ಲಿನ ಗೋಡೆ ಮೂಡಿತು, ಸಿಟೌಟಿನ ಕಂಬ ಮೂಡಿತು, ಮೆಟ್ಟಿಲಿನ ಮೇಲೆ ಬಿಸಿಲು ಬಿತ್ತು. ಅತ್ತೆ ನಮಾಝಿಗೆ ಕೈಕಾಲು ಮುಖ ತೊಳೆದು ವುಝೂ ಮಾಡಿ ಬರುವಷ್ಟರಲ್ಲಿ ಚಿತ್ರ ಮುಗಿದಿತ್ತು.

ನನಗೆ ಹೆಮ್ಮೆಯಾಯಿತು. ಇದ್ದತ್ ಶುರುವಾದಂದಿನಿಂದ ಇಂಥದ್ದು ಎಂದು ಹೆಸರು ಹೇಳಬಹುದಾದ ಯಾವ ಭಾವನೆಯೂ ನನಗೆ ಆಗಿರಲಿಲ್ಲ. ಆವತ್ತು ಆಯಿತು.

ಆಟೋ ನಿಂತ ಸದ್ದು ಕೇಳಿದಾಗ ಕೊನೆಯ ಚಿತ್ರ ನಡೆಯುತ್ತಿತ್ತು. ಕಂಪ್ಯೂಟರ್ ಕಟ್ಟಿಟ್ಟಿದ್ದೀರಾ ಎಂದು ಫಯಾಝ್ ಜಗಲಿಯಿಂದಲೇ ಕೇಳಿದ. ಡ್ರೈವರ್ ಹಾಕಿ ಆಗಿದೆ, ಒಯ್ಯುವುದು ಬೇಡ ಎಂದೆ. ಅವನು ನಂಬಲಿಲ್ಲ. ಮುಗಿದ ಚಿತ್ರವೊಂದನ್ನು ಚಿಕ್ಕದು ಮಾಡಿ ಅವನ ಮೊಬೈಲಿಗೆ ಕಳಿಸಿದೆ. ಇದು ಆ ಲಿನಕ್ಸಿನಲ್ಲೇ ಬಂದದ್ದಾ ಎಂದು ಕೇಳಿದ. ಹೌದು ಎಂದೆ.

“ಇದೇ ಕಂಪನಿಯ ಕಾರ್ಡಿಗೆ ನಾನೂ ಒಮ್ಮೆ ಹಾಕಲಿಕ್ಕೆ ನೋಡಿದ್ದೆ ಅತ್ತಿಗೆ. ಕಪ್ಪು ಪರದೆ ಬಂದದ್ದೇ ಬಿಟ್ಟುಬಿಟ್ಟೆ.”

“ನಿನಗೆ ಕಾವಲಿಗೆ ಯಾರೂ ಇರಲಿಲ್ಲ,” ಎಂದರು ಅತ್ತೆ.

ಮೊಬೈಲಿನ ಡೇಟಾ ಮುಗಿಯುತ್ತ ಬಂದಿತ್ತು, ದೊಡ್ಡ ಚಿತ್ರಗಳನ್ನು ಕಳಿಸುವಂತಿರಲಿಲ್ಲ. ಕೊನೆಯದೂ ಮುಗಿದ ಮೇಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಅತ್ತೆಯ ಕೈಯಲ್ಲಿ ಕೊಟ್ಟೆ, ಅವರು ಹೊಸ್ತಿಲಾಚೆ ಕೊಟ್ಟರು. ಅಂಗಡಿಗೆ ಹೋದ ತಕ್ಷಣ ಅಬ್ದುಲ್ ಸಲಾಂರಿಗೆ ಕಳಿಸುತ್ತೇನೆ ಎಂದು ಫಯಾಝ್ ಆಟೋ ಹತ್ತಿದ. ಹತ್ತಿದವನು ಮತ್ತೆ ಇಳಿದು ಬಂದ.

“ಅಣ್ಣ ಇಲ್ಲದೆ ಕಂಪ್ಯೂಟರ್ ಯಾರು ನೋಡಿದ್ದು ಅಂತ ಅವರು ಕೇಳ್ತಾರೆ. ನೀವೇ ಅಂತ ಹೇಳಲಾ?”

“ಹೇಳು,” ಎಂದೆ.