ಎರಡು ದಿನದ ದಂಡ

ಅವ್ವ ತೀರಿಕೊಂಡ ದಿನವೇ ರೇಣುಕಾದೇವಿಯ ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟಲು ಕೊನೆಯ ದಿನವಾಗಿತ್ತು. ಆ ಕಾರ್ಡು ಮಾಡಿಸಿದ್ದೂ ಅವ್ವನ ಡಯಾಲಿಸಿಸ್ ಖರ್ಚಿಗೇ. ಮಣ್ಣು ಮಾಡಿ, ಬಂದ ನೆಂಟರು ಬಸ್ಸು ಹತ್ತಿದ ಮೇಲೆ, ಎರಡು ದಿನ ತಡವಾಗಿ ಬಿಲ್ ಕಟ್ಟಿದಳು. ಮುಂದಿನ ಬಿಲ್ಲಿನಲ್ಲಿ ಏಳುನೂರಾ ಐವತ್ತು ರೂಪಾಯಿ ದಂಡ ಬಿದ್ದಿತ್ತು.

ಸುರಪುರದ ತಹಶೀಲ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದಾಕೆ ಅವಳು. ಸುತ್ತೋಲೆ ಓದುವುದು ಹೊಸದಲ್ಲ. ಮಾತಿಗೆ ಯಾರೂ ಇಲ್ಲದ ಒಂದು ರವಿವಾರ, ಮೊಬೈಲಿನಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಹುಡುಕಿ ಓದಿದಳು. ಗಡುವು ಮುಗಿದು ಮೂರು ದಿನ ದಾಟಿದರಷ್ಟೇ ತಡವಾದದ್ದಕ್ಕೆ ಶುಲ್ಕ ಹಾಕಬೇಕು ಎಂದಿತ್ತು.

ರಜೆ ಹಾಕಿ ಯಾದಗಿರಿಯ ಶಾಖೆಗೆ ಹೋದಳು. ಕೌಂಟರಿನಲ್ಲಿದ್ದ ದೇವಿಂದ್ರ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಯಾಕ ಲೇಟ್ ಮಾಡಿದ್ರಿ ಮೇಡಂ?" ಎಂದ.

"ಅವತ್ತ ನಮ್ಮವ್ವ ತೀರಿದ್ಲ್ರಿ."

ಅವನು ತಲೆ ಎತ್ತಿದ. "ಛೇ, ಪಾಪ. ಆದ್ರ ದಂಡ ಕಂಪ್ಯೂಟರ್ ತಾನಾ ಹಾಕ್ತದ್ರಿ, ನಮ್ಮ ಕೈಯಾಗ ಇಲ್ಲ. ಒಂದು ಅರ್ಜಿ ಬರದು ಕೊಡ್ರಿ, ಮ್ಯಾಲ ಕಳಸ್ತೀನಿ."

ಅಲ್ಲೇ ಬೆಂಚಿನ ಮೇಲೆ ಕೂತು ಬರೆಯತೊಡಗಿದಳು. ವಾರಕ್ಕೆರಡು ಸಲ ಅವ್ವನನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದದ್ದು, ಕಡೆಯ ದಿನ ಅವ್ವ ತುಂಬಿದ ತಂಬಿಗೆ ನೀರು ಕೇಳಿದ್ದು, ಡಾಕ್ಟರು ಬ್ಯಾಡ ಅಂದಾರಂತ ತಾನು ಎರಡೇ ಗುಟುಕು ಕೊಟ್ಟದ್ದು. ಹಾಳೆಯ ಎರಡೂ ಬದಿ ತುಂಬಿದವು. ಓದಿ ನೋಡಿದಾಗ ನಾಚಿಕೆಯಾಯಿತು. ಇದರಲ್ಲಿ ಬ್ಯಾಂಕಿಗೆ ಬೇಕಾದದ್ದು ಎರಡು ತಾರೀಖು ಮಾತ್ರ. ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು, ಬೇರೊಂದರಲ್ಲಿ ಆ ತಾರೀಖುಗಳನ್ನೂ ಮೂರು ದಿನದ ನಿಯಮವನ್ನೂ ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟಳು.

ಮೂರು ವಾರ ಕಳೆದವು. ಕಚೇರಿ ಕೆಲಸಕ್ಕೆ ಶಹಾಪುರಕ್ಕೆ ಹೋಗಿ ಬಸ್ಸಿನಲ್ಲಿ ಮರಳುವಾಗ ಮೊಬೈಲಿಗೆ ಸಂದೇಶ ಬಂತು: ದಂಡ ವಾಪಸ್ ಆಗಿದೆ.

ಪಕ್ಕದಲ್ಲಿ ಸಂತೆಯಲ್ಲಿ ಆಡು ಮಾರಿ ಬರುತ್ತಿದ್ದ ಮುದುಕಿಯೊಬ್ಬಳು ಕೂತಿದ್ದಳು. "ಏನವ್ವ, ನಗಾಕತ್ತಿ?"

"ಬ್ಯಾಂಕಿನವ್ರು ತಪ್ಪು ಒಪ್ಕೊಂಡ್ರು, ಆಯಿ. ನನ್ನ ರೊಕ್ಕ ಹೊಳ್ಳಿ ಬಂತು."

"ಚಲೋ ಆತು. ಮನ್ಯಾಗ ಫೋನ್ ಮಾಡಿ ಹೇಳು ಮತ್ತ."

"ಮನ್ಯಾಗ ಯಾರೂ ಇಲ್ಲ. ನಾ ಒಬ್ಬಾಕಿನೇ."

ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕಿ ನಡುವೆ ಇದ್ದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿರ ಸರಿದು ಕೂತಳು. ಹತ್ತಿಗುಡೂರ ಬಂದಾಗ ರೇಣುಕಾದೇವಿಯ ಬೆನ್ನು ಸವರಿ, "ಉಂಡು ಮಲಕ್ಕೊ ಮಗಳ," ಎಂದು ಇಳಿದು ಹೋದಳು.

ಸುರಪುರ ಇನ್ನೂ ದೂರವಿತ್ತು. ಆ ಸೀಟಿಗೆ ಬೇರೆ ಯಾರೂ ಬರಲಿಲ್ಲ.