ತಗಡಿಗೆ ಬಿಗಿದ ಕಪ್ಪು ವೈರು

ಕೇಶವಮೂರ್ತಿಯವರು ಕುರ್ಲಾದ ನನ್ನ ಸ್ಟೀರಿಯೋ ರಿಪೇರಿ ಗೂಡಂಗಡಿಯ ಮುಂದೆ ಫಿಯಟ್ ನಿಲ್ಲಿಸಿದರು. ನನ್ನ ಮುಖ ನೋಡಿದ್ದೇ ತಡ, ಮತ್ತೆ ಕೀಲಿ ತಿರುಗಿಸಿದರು. ನಾಲ್ಕು ವರ್ಷದ ಹಿಂದೆ, ಎಂಬತ್ತೈದರಲ್ಲಿ, ಅವರ ಕಾರಿನ ಸ್ಟೀರಿಯೋ ಸುಟ್ಟವನು ದಾನಪ್ಪ, ಅಂದರೆ ನಾನು, ಎಂದು ಅವರು ನಂಬಿದ್ದರು. ಬೈಕುಲ್ಲಾದ ಕಾರು ಸಾಮಾನಿನ ಸಾಲಿನಲ್ಲಿ ಎಲ್ಲರೂ ಹಾಗೇ ನಂಬಿದ್ದರು. ಶೆಟ್ಟೆಪ್ಪ ಹಾಗೆ ಹೇಳಿದ್ದ.

ಶೆಟ್ಟೆಪ್ಪ ನಮ್ಮ ವಿಜಾಪುರದ ಕಡೆಯವನೇ. ಅವನ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದೆ. ಆಗೆಲ್ಲ ಸ್ಪೀಕರಿನಿಂದ ಸೆಟ್ಟಿಗೆ ಕೆಂಪು ವೈರು ಒಂದನ್ನೇ ಎಳೆಯುತ್ತಿದ್ದೆವು. ಕಪ್ಪನ್ನು ಹತ್ತಿರ ಸಿಕ್ಕ ಸ್ಕ್ರೂಗೆ ಸುತ್ತಿ ಕಾರಿನ ತಗಡಿಗೇ ಬಿಗಿಯುವುದು. ತಗಡೇ ವೈರಿನ ಕೆಲಸ ಮಾಡುತ್ತಿತ್ತು. ಹಳೆಯ ಸೆಟ್ಟುಗಳಿಗೆ ಅದು ನಡೆಯಿತು. ಜಪಾನಿನ ಹೊಸ ಸೆಟ್ಟುಗಳು ಬಂದ ಮೇಲೆ ನಡೆಯಲಿಲ್ಲ. ಅವುಗಳಲ್ಲಿ ಪ್ರತಿ ಸ್ಪೀಕರಿನಿಂದಲೂ ಎರಡು ವೈರು ಸೆಟ್ಟಿನವರೆಗೆ ಬರಬೇಕು. ಕಪ್ಪು ತಗಡಿಗೆ ತಾಗಿತೋ, ಸೆಟ್ಟು ಕಾದು ಕಾದು ಸಾಯುತ್ತದೆ. ಶೆಟ್ಟೆಪ್ಪನಿಗೆ ಹೇಳಿದ್ದೆ, ನಕ್ಕಿದ್ದ. ಕೇಶವಮೂರ್ತಿಯವರ ಸೆಟ್ಟು ಹೊಗೆಯಾಡಿದ ದಿನ, ತಾನೇ ಕೂರಿಸಿದ್ದನ್ನು ನನ್ನ ಮೇಲೆ ಹೊರಿಸಿ, ಸಾಲಿನವರೆಲ್ಲ ನೋಡುತ್ತಿರುವಂತೆ ನನ್ನ ಹತ್ಯಾರದ ಚೀಲವನ್ನು ರಸ್ತೆಗೆ ಎಸೆದ. ಆಮೇಲೆ ಬೈಕುಲ್ಲಾದಲ್ಲಿ ಯಾರೂ ನನ್ನ ಕೈಗೆ ಕಾರು ಕೊಡಲಿಲ್ಲ.

"ಐದು ಮಿನಿಟ್ ಕೂಡ್ರಿ ಸಾಹೇಬ್ರ," ಎಂದೆ. "ಕೈ ಹಚ್ಚೂದಿಲ್ಲ. ಏನಾಗೇದ ಅಷ್ಟ ಹೇಳ್ರಿ."

ಹೊಸ ಸೆಟ್ಟು, ಮತ್ತೆ ಶೆಟ್ಟೆಪ್ಪನ ಅಂಗಡಿಯದೇ. ಘಾಟ್ಕೋಪರಿನಲ್ಲಿ ಹಾಡಲು ಶುರುಮಾಡಿದ್ದು ಸಾಯನ್ ಮುಟ್ಟುವಷ್ಟರಲ್ಲಿ ಮೌನವಾಗುತ್ತದಂತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಾಡುತ್ತದಂತೆ. ಕೈಯಿಟ್ಟರೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತದಂತೆ.

ಅಷ್ಟು ಕೇಳಿದ ಮೇಲೆ ನೋಡುವುದೇನೂ ಉಳಿದಿರಲಿಲ್ಲ. ಆದರೂ ಅವರ ಒಪ್ಪಿಗೆ ಪಡೆದು, ಬಾಗಿಲ ಕೆಳಗಿನ ಹಲಗೆ ಬಿಚ್ಚಿದೆ. ಸ್ಕ್ರೂ ಕೆಳಗೆ ಕಪ್ಪು ವೈರು ಬೆಚ್ಚಗೆ ಮಲಗಿತ್ತು. ಸರಿಮಾಡಲು ಅರ್ಧ ದಿನದ ಕೆಲಸ. ಒಳ್ಳೆಯ ಗಿರಾಕಿ ನನ್ನವನಾಗುತ್ತಿದ್ದ. ನಾನು ಸ್ಕ್ರೂವನ್ನು ಇದ್ದ ಹಾಗೇ ಮತ್ತೆ ಬಿಗಿದೆ.

ನಡೆದದ್ದೆಲ್ಲ ಹೇಳಿದೆ. ಅವರು ಸ್ಟೀರಿಂಗನ್ನೇ ನೋಡುತ್ತ, "ಅವತ್ತು ನಾನೂ ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆ, ಅಲ್ವೇನಪ್ಪಾ," ಎಂದರು. ನಾನು ಇಲ್ಲವೆನ್ನಲಿಲ್ಲ. ಶನಿವಾರದವರೆಗೆ ಸೆಟ್ಟು ಹಚ್ಚಬೇಡಿ, ಅಂದು ಮಧ್ಯಾಹ್ನ ಸಾಲು ತುಂಬಿದಾಗ ಶೆಟ್ಟೆಪ್ಪನಿಗೆ ಒಂದೇ ಒಂದು ಪ್ರಶ್ನೆ ಕೇಳಿ ಎಂದು ಹೇಳಿಕೊಟ್ಟೆ.

ಶನಿವಾರ ನಾನು ಶೆಟ್ಟೆಪ್ಪನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಗಿರಾಕಿಗಳ ಮರೆಯಲ್ಲಿ ಕೂತಿದ್ದೆ. ಇದನ್ನು ಕೂರಿಸಿದ್ದು ಯಾರು ಎಂದು ಕೇಶವಮೂರ್ತಿಯವರು ಕೇಳಿದ್ದು ಕೇಳಿಸಿತು.

ಶೆಟ್ಟೆಪ್ಪ ದೊಡ್ಡ ದನಿಯಲ್ಲೇ ಹೇಳಿದ: "ನಿಮ್ಮ ಗಾಡಿಗೆ ಮತ್ತೊಬ್ಬರ ಕೈ ಹಚ್ಚಗೊಡತೀನೇನ್ರಿ? ಒಂದೊಂದು ಸ್ಕ್ರೂ ನಂದ."

ಪಕ್ಕದ ಸೀಟ್ ಕವರ್ ಅಂಗಡಿಯ ಗದಿಗೆಪ್ಪ ತಲೆಯೆತ್ತಿ ನೋಡಿದ. ನನಗೆ ಬೇಕಾದದ್ದು ಅಷ್ಟೇ, ಒಬ್ಬ ಸಾಕ್ಷಿ. ಎದ್ದು ರಸ್ತೆ ದಾಟಿದೆ.

"ಏನಲೇ ದಾನ್ಯಾ," ಎಂದ ಶೆಟ್ಟೆಪ್ಪ, "ಕುರ್ಲಾದಾಗ ಗುಜರಿ ಆರಸೂದು ಮುಗೀತೇನು?"

ನಾನು ಕಾರಿನ ಬಾಗಿಲು ತೆರೆದೆ. ಸೆಟ್ಟನ್ನು ಹೊರಗೆಳೆದು ವೈರು ಬಿಡಿಸಿದೆ. ಎರಡು ತುಂಡು ವೈರು ಕಟ್ಟಿದ ಬ್ಯಾಟರಿ ಸೆಲ್ಲೊಂದನ್ನು ಅವನ ಕೈಗೆ ಕೊಟ್ಟೆ. ಒಂದು ತುದಿಯನ್ನು ಸ್ಪೀಕರಿನ ಕೆಂಪು ವೈರಿಗೆ ಹಿಡಿ, ಇನ್ನೊಂದನ್ನು ಬಾಗಿಲ ತಗಡಿಗೆ ಮುಟ್ಟಿಸು ಎಂದೆ. ಅವನ ಕೈ ಮುಂದೆ ಹೋಗಲಿಲ್ಲ.

"ಮುಟ್ಟಸೋ ಶೆಟ್ಟೆಪ್ಪ, ಹಾವೇನದು," ಎಂದ ಗದಿಗೆಪ್ಪ.

ಮುಟ್ಟಿಸಿದ. ಸ್ಪೀಕರು ಕರ್ ಎಂದಿತು. ಬಾಗಿಲ ಕೀಲಿಗೆ ಮುಟ್ಟಿಸು ಎಂದೆ, ಕರ್. ಸೀಟಿನ ಕಬ್ಬಿಣಕ್ಕೆ, ಮತ್ತೆ ಕರ್. ಎರಡೂ ವೈರು ಸೆಟ್ಟಿಗೇ ಹೋಗಿದ್ದರೆ, ತಗಡು ಮುಟ್ಟಿದಾಗ ಸ್ಪೀಕರು ಉಸಿರೆತ್ತಬಾರದು. ಸಾಲಿನ ಉಳಿದವರೆಲ್ಲ ಎರಡು ವೈರಿನ ಕೆಲಸ ಕಲಿತು ಆಗಲೇ ಎರಡು ವರ್ಷವಾಗಿತ್ತು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಮೊದಲಿನಿಂದಲೂ ಹಿಂಗ ಹಾಕೀನಿ," ಎಂದ ಶೆಟ್ಟೆಪ್ಪ. ದನಿ ಇಳಿದಿತ್ತು.

"ನಾಕು ವರ್ಷದ ಹಿಂದ ಇವರ ಸೆಟ್ ಸುಟ್ಟಿದ್ದು ಯಾರ ಕೈ?" ಎಂದು ಕೇಳಿದೆ.

ಅವನು ಗದಿಗೆಪ್ಪನನ್ನು ನೋಡಿದ. ಗದಿಗೆಪ್ಪ ಅವನಿಂದ ಕಣ್ಣು ಕೀಳಲಿಲ್ಲ.

"ನಂದ," ಎಂದ ಶೆಟ್ಟೆಪ್ಪ.

"ಸಾಲಿನವರಿಗೆ ಕೇಳಿಸಲಿಲ್ಲ."

"ನಂದ. ನಾನ ಹಾಕಿದ್ದೆ. ದಾನಪ್ಪ ಬ್ಯಾಡ ಅಂದಿದ್ದ."

ಇಷ್ಟು ಕೇಳಿದರೆ ಹೊರಟು ಹೋಗುತ್ತೇನೆ ಎಂದುಕೊಂಡು ಬಂದಿದ್ದೆ. ಹೋಗಲು ಮನಸ್ಸಾಗಲಿಲ್ಲ. ಒಳಗೆ ಬಾ, ನಾನೇ ಸರಿಮಾಡಿಕೊಡುತ್ತೇನೆ, ಗಿರಾಕಿಗಳ ಎದುರು ಸಾಕು ಎಂದು ಶೆಟ್ಟೆಪ್ಪ ಪಿಸುಗುಟ್ಟಿದ. ಇಲ್ಲೇ ಮಾಡು, ರಸ್ತೆಯ ಮೇಲೆ, ಎಂದೆ. ಅವನದೇ ಸ್ಟೂಲು ಎಳೆದುಕೊಂಡು ಕೂತೆ.

ಅವನಿಗೆ ಆಗಲೇ ಮೊಣಕಾಲು ನೋವಿತ್ತು. ಕಾರಿನ ಬಾಗಿಲಲ್ಲಿ ಮಂಡಿಯೂರಿ, ತಲೆ ಒಳಗೆ ತೂರಿಸಿ, ವೈರು ಎಳೆಯುವಾಗ ನರಳುತ್ತಿದ್ದ. ಬೇರೆಯವನಾಗಿದ್ದರೆ ಏಳು ಕಾಕಾ, ನಾನು ಮಾಡುತ್ತೇನೆ ಎನ್ನುತ್ತಿದ್ದೆ. ಗದಿಗೆಪ್ಪ ಒಬ್ಬ ಗಿರಾಕಿಯನ್ನು ಕರೆತಂದು, ಇವನೇ ದಾನಪ್ಪ, ಹೊಸ ಸೆಟ್ಟು ಕೂರಿಸುವುದಿದ್ದರೆ ಇವನ ಕೈಗೆ ಕೊಡಿ ಎಂದು ತೋರಿಸಿದ. ನಾನು ಕುರ್ಲಾದ ವಿಳಾಸ ಹೇಳಿದೆ, ಕಣ್ಣು ಮಾತ್ರ ಶೆಟ್ಟೆಪ್ಪನ ಕೈ ಮೇಲೆಯೇ ಇತ್ತು.

ಮೂರನೆಯ ಸ್ಪೀಕರಿನಲ್ಲಿ ಅವನು ಕೆಂಪು ಕಪ್ಪು ಅದಲುಬದಲು ಮಾಡಿದ. ಹಾಗೆ ಬಿಟ್ಟರೂ ಹಾಡು ಕೇಳುತ್ತದೆ. ಸ್ವಲ್ಪ ಪೊಳ್ಳಾಗಿ ಕೇಳುತ್ತದೆ, ಅಷ್ಟೇ. ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯುವುದೂ ಇಲ್ಲ. ಅವನು ಟೇಪು ಸುತ್ತಿ, ಹಲಗೆ ಮುಚ್ಚಿ, ಕೊನೆಯ ಸ್ಕ್ರೂ ತಿರುಗಿಸುವವರೆಗೂ ಕಾದೆ.

"ಉಲ್ಟಾ ಆತು," ಎಂದೆ. "ಬಿಚ್ಚು."