ಪಟ್ಟಿಯಲ್ಲಿದ್ದ ಮನೆಗಳು

ತಾನೇ ನೋಡಿ ನಿಜವೆಂದು ಖಚಿತವಾಗದ ಯಾವ ಅಂಕಿಗೂ ತಮ್ಮ ವಿಶ್ವವಿದ್ಯಾಲಯದ ಹೆಸರು ಹಾಕುವುದಿಲ್ಲವೆಂದು ವಿಲೈವೊನ್ ಹನ್ನೊಂದು ವರ್ಷದ ಹಿಂದೆ ತನ್ನ ಗುರು ಖಮ್‌ಫುಯ್ ಅವರಿಗೆ ಮಾತು ಕೊಟ್ಟಿದ್ದಳು. ರೋಗ ಹರಡುವ ಬಗೆಯನ್ನು ಲೆಕ್ಕ ಹಾಕಿ ನೋಡುವ ವಿದ್ಯೆ ಕಲಿಯಲು ಬೆಲ್ಜಿಯಂಗೆ ಹೊರಟಿದ್ದ ದಿನ ಅದು. ಗುರುಗಳು ಈಗಿಲ್ಲ. ಅವರ ಹಂಬಲದ ವಿಭಾಗ ಎರಡು ಕೋಣೆ, ಎಂಟು ಜನರಾಗಿ ನಿಂತಿದೆ.

ಹಸಿ ಮೀನಿನಿಂದ ಪಿತ್ತಕೋಶಕ್ಕೆ ಸೇರುವ ಹುಳುವಿನ ಬಗ್ಗೆ ವಿಭಾಗದ ಮೊದಲ ಸ್ವಂತ ವರದಿ ಸಿದ್ಧವಾಗಿತ್ತು. ಶುಕ್ರವಾರದೊಳಗೆ ಅದು ಬೆಲ್ಜಿಯಂನ ಸಮಿತಿಗೆ ತಲುಪಿದರೆ ಅಲ್ಲಿಯವರ ನೆರವು ಇನ್ನೈದು ವರ್ಷ. ಇಲ್ಲದಿದ್ದರೆ ಬಾಗಿಲು ಹಾಕುವುದೇ.

ಪರೀಕ್ಷೆ ನಡೆಸಿದ ಹನ್ನೆರಡು ಊರುಗಳಲ್ಲಿ ಒಂದರ ಅಂಕಿ ಮಾತ್ರ ಅವಳನ್ನು ಕೂರಗೊಡಲಿಲ್ಲ. ಅಲ್ಲಿ ಚೀಟಿ ಎತ್ತಿ ಆರಿಸಿದ ಅರವತ್ತು ಮನೆಗೆ ಮೂವರಲ್ಲಷ್ಟೇ ಹುಳು. ಹಳ್ಳದಾಚೆಯ ಊರಲ್ಲಿ ಇಬ್ಬರಿಗೊಬ್ಬರಂತೆ. ಅದೇ ಹೊಳೆ, ಅದೇ ಮೀನು.

"ಒಂದೂರು ಹಂಗಿರತ್ತೆ ಬಿಡು ವಿಲೈ, ಕಳ್ಸು" ಎಂದಳು ಫೋನಿನಲ್ಲಿ ಅನಲೀಸ್, ಪರೀಕ್ಷೆಯ ಹೊತ್ತಿಗೆ ಊರೂರಿಗೂ ಬಂದು ಹೋಗಿದ್ದ ಬೆಲ್ಜಿಯಂನ ಜೊತೆಗಾತಿ. ವಿಲೈವೊನ್ ಹೂಂ ಅಂದಳು. ವರದಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬುಧವಾರ ಬೆಳಿಗ್ಗೆ ಎದ್ದು ಆ ಊರಿಗೇ ಹೊರಟಳು.

ಊರ ಮುಖಂಡ ಥೋಂಗ್‌ದೇಂಗ್ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಬಲೆ ಹೊಲಿಯುತ್ತಿದ್ದ. ಮಾತಿಗೂ ಮೊದಲು ಅಂಟಕ್ಕಿ ಅನ್ನದ ಬುಟ್ಟಿ, ಕೊಚ್ಚಿದ ಮೀನು ಮುಂದೆ ಬಂದವು.

"ಇದು ಹಸೀದು, ದೊಡ್ಡಪ್ಪ."

"ನಿಂಬೆಹಣ್ಣು ಹಿಂಡಿದೀನಲ್ಲ, ತಿನ್ನಮ್ಮ."

"ನಿಮ್ಮೂರಲ್ಲಿ ಯಾರೂ ಹಸಿ ತಿನ್ನಲ್ಲ ಅಂತ ನಮ್ಮ ಹಾಳೆಲಿದೆ."

ಅವನು ನಕ್ಕ. "ನೀ ಚೀಟಿ ಎತ್ತಿ ಕಳ್ಸಿದ ಪಟ್ಟಿಲಿ ಯಾರಿದ್ರು ಗೊತ್ತಾ? ಕುಡುಕ ಸೊಮ್‌ದಿ, ಅವನ ಪಟಾಲಮ್ಮು. ಆ ಬಿಳಿಯಮ್ಮ ಸಮುದ್ರ ದಾಟಿ ಬಂದಿದಾಳೆ, ಇವರನ್ನ ನಿಲ್ಲಿಸ್ಲಾ ಅವಳ ಮುಂದೆ? ಬುದ್ಧನ ಗುಡಿಗೆ ಹೋಗೋರು, ಬೇಯ್ಸಿ ತಿನ್ನೋರು, ಅಂಥ ಮನೆ ಆರಿಸಿ ಕಳ್ಸಿದೆ. ಊರ ಮಾನ ಅಲ್ವಾ."

"ಹೆಸರು ಬರ್ಕೊಳ್ಳೋಕೆ ಬಂದ ನಮ್ಮ ಹುಡುಗೀರು ಕೇಳ್ಲಿಲ್ವಾ?"

"ಕೇಳಿದ್ರು. ಬೇರೆಯವನ್ನ ತೋರ್ಸಿ, ಇವನೇ ಸೊಮ್‌ದಿ ಅಂದೆ, ಬರ್ಕೊಂಡ್ರು. ದೊಡ್ಡೋರಿಗೆ ಎದುರಾಡ್ತಾರಾ? ಒಳ್ಳೆ ಮಕ್ಕಳು."

ಅವಳಿಗೆ ಸಿಟ್ಟು ಬರಲಿಲ್ಲ. ಆ ವಯಸ್ಸಿನಲ್ಲಿ ತಾನೂ ಹಾಗೇ ಬರೆದುಕೊಳ್ಳುತ್ತಿದ್ದಳು. ಈ ಊರೊಂದನ್ನು ಕೈಬಿಟ್ಟರೆ ಸಾಕಲ್ಲವೇ ಎಂಬ ಆಸೆಯಿಂದ ದಾರಿಯುದ್ದಕ್ಕೂ ಉಳಿದ ಮುಖಂಡರಿಗೆ ಫೋನು ಮಾಡಿದಳು. ತಾವೂ ಹಾಗೇ ಮನೆ ಬದಲಿಸಿದ್ದಾಗಿ ಐವರು ಹೇಳಿದರು, ಹೆಮ್ಮೆಯಿಂದ.

"ಅಂದ್ರೆ ಅರ್ಧಕ್ಕರ್ಧ ಹೋಯ್ತು" ಎಂದಳು ಅನಲೀಸ್, ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು. "ಸಮಿತಿ ಕಾಯಲ್ಲ, ವಿಲೈ. ನಿನ್ನ ಎಂಟು ಜನರ ಗತಿ?"

"ಗೊತ್ತು."

"ನನಗಂತೂ ನೀ ಏನೂ ಹೇಳಿಲ್ಲ ಅಂದ್ಕೋತೀನಿ."

"ಹೇಳಿದೀನಿ, ಅನಲೀಸ್."

ಶುಕ್ರವಾರ ವಿಲೈವೊನ್ ವರದಿ ಕಳಿಸಲಿಲ್ಲ. ಆರು ಊರುಗಳಲ್ಲಿ ಪರೀಕ್ಷಿಸಿದ್ದು ಪಟ್ಟಿಯ ಮನೆಗಳನ್ನಲ್ಲ, ಈ ಅಂಕಿಗಳನ್ನು ಯಾರೂ ಬಳಸಬಾರದು ಎಂದು ಸಮಿತಿಗೆ ಒಂದು ಪುಟ ಬರೆದು ಸಹಿ ಹಾಕಿದಳು. ಗುರುವಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು.